ಗಿರಣಿ ಊರಿನ ಯಜಮಾನ ರಾಬರ್ಟ್ ಓವೆನ್

ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಕ್ಲೈಡ್ ನದಿ ಆಳವಾದ ಕಣಿವೆಯೊಂದನ್ನು ಹೊಕ್ಕು ಜಲಪಾತಗಳಾಗಿ ಧುಮುಕುತ್ತದೆ. ಆ ಜಲಪಾತಗಳ ಕೆಳಗೆ, ನದಿಯ ದಡಕ್ಕೆ ಒತ್ತಿಕೊಂಡಂತೆ, ಕಲ್ಲಿನಲ್ಲಿ ಕಟ್ಟಿದ ಎತ್ತರದ ಗಿರಣಿಗಳೂ ಅವುಗಳ ಹಿಂದೆ ಸಾಲುಮನೆಗಳೂ ಇರುವ ಒಂದು ಪುಟ್ಟ ಊರಿದೆ. ಅದರ ಹೆಸರು ನ್ಯೂ ಲಾನಾರ್ಕ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಎರಡು ಸಾವಿರಕ್ಕಿಂತ ತುಸು ಹೆಚ್ಚು ಜನರಿದ್ದ ಈ ಊರನ್ನು ನೋಡಲು ರಾಜಕುಮಾರರು, ಮಂತ್ರಿಗಳು, ಧರ್ಮಗುರುಗಳು, ಶಿಕ್ಷಣತಜ್ಞರು ಯುರೋಪಿನ ಮೂಲೆಮೂಲೆಗಳಿಂದ ಬರುತ್ತಿದ್ದರು. 1815ರಿಂದ 1825ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಸುಮಾರು 20 ಸಾವಿರ ಮಂದಿ ಹೆಸರು ಬರೆದಿದ್ದಾರೆ. ಮುಂದೆ ರಷ್ಯಾದ ಚಕ್ರವರ್ತಿಯಾದ ನಿಕೋಲಸ್ ಕೂಡ ಅವರಲ್ಲೊಬ್ಬ.

ಅವರೆಲ್ಲ ನೋಡಲು ಬಂದದ್ದು ಜಲಪಾತವನ್ನಷ್ಟೇ ಅಲ್ಲ. ಕಾರ್ಮಿಕರನ್ನು ಹಿಂಸಿಸದೆ, ಎಳೆಯ ಮಕ್ಕಳನ್ನು ದುಡಿಸದೆ, ಆದರೂ ಕೈತುಂಬ ಲಾಭ ಗಳಿಸುತ್ತಿದ್ದ ಒಂದು ಹತ್ತಿ ಗಿರಣಿಯನ್ನು. ಅದನ್ನು ನಡೆಸುತ್ತಿದ್ದ ರಾಬರ್ಟ್ ಓವೆನ್ ಎಂಬ ವೇಲ್ಸ್ ಮೂಲದ ವ್ಯಕ್ತಿ ಇಂದು ಸಹಕಾರ ಚಳವಳಿಯ ಪಿತಾಮಹರಲ್ಲೊಬ್ಬನೆಂದೂ ಸಮಾಜವಾದದ ಆದ್ಯರಲ್ಲೊಬ್ಬನೆಂದೂ ಖ್ಯಾತನಾಗಿದ್ದಾನೆ. ತನ್ನ ಊರಿನ ಜನರಿಗೆ ಆತ ಶಾಲೆ ಕೊಟ್ಟ, ಅಗ್ಗದ ದಿನಸಿ ಕೊಟ್ಟ, ವಿರಾಮ ಕೊಟ್ಟ. ಆದರೆ ಊರಿನ ಆಡಳಿತದಲ್ಲಿ ನಿರ್ಣಯದ ಅಧಿಕಾರವನ್ನು ಮಾತ್ರ ಕೊಡಲಿಲ್ಲ. ಆತನ ಜೀವನದ ಏಳುಬೀಳುಗಳೆರಡಕ್ಕೂ ಈ ಸಂಗತಿ ಅಂಟಿಕೊಂಡೇ ಇದೆ.

ನ್ಯೂಟೌನಿನ ಬಾಲಕ

ಓವೆನ್ ಜನಿಸಿದ್ದು 1771ರ ಮೇ 14ರಂದು, ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಸಣ್ಣ ಪೇಟೆಯಲ್ಲಿ. ತಂದೆ ಕುದುರೆಯ ಜೀನು ತಯಾರಿಸುವವನು. ಕಬ್ಬಿಣದ ಸಾಮಾನಿನ ವ್ಯಾಪಾರದ ಜೊತೆಗೆ ಊರಿನ ಅಂಚೆಯ ಹೊಣೆಯನ್ನೂ ಹೊತ್ತಿದ್ದ. ಏಳು ಮಕ್ಕಳಲ್ಲಿ ರಾಬರ್ಟ್ ಆರನೆಯವನು. ಶಾಲೆಗೆ ಎಲ್ಲರಿಗಿಂತ ಮೊದಲು ತಲುಪಬೇಕೆಂಬ ಆತುರದಲ್ಲಿ ಒಂದು ಬೆಳಗ್ಗೆ ಕುದಿಯುವ ಗಂಜಿಯನ್ನು ನುಂಗಿ ಹೊಟ್ಟೆ ಸುಟ್ಟುಕೊಂಡ ಘಟನೆಯನ್ನು ಆತ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಆ ಬಳಿಕ ಜೀವನವಿಡೀ ಆಹಾರದಲ್ಲಿ ಎಚ್ಚರ ವಹಿಸಬೇಕಾಯಿತು. ಪರಿಸ್ಥಿತಿಯೇ ಮನುಷ್ಯನ ಸ್ವಭಾವವನ್ನು ರೂಪಿಸುತ್ತದೆ ಎಂಬ ತನ್ನ ಸಿದ್ಧಾಂತಕ್ಕೆ ಆತ ಈ ಪ್ರಸಂಗವನ್ನೂ ಒಂದು ನಿದರ್ಶನವಾಗಿ ಕಂಡದ್ದುಂಟು.

ಓದಿನಲ್ಲಿ ಚುರುಕಾಗಿದ್ದ ಬಾಲಕನನ್ನು ಏಳನೆಯ ವಯಸ್ಸಿನಲ್ಲೇ ಶಾಲೆಯ ಗುರು ಕಿರಿಯ ಮಕ್ಕಳಿಗೆ ಪಾಠ ಹೇಳಲು ಬಳಸಿಕೊಂಡ. ಹತ್ತನೆಯ ವಯಸ್ಸಿಗೆ ಮನೆ ಬಿಟ್ಟ ರಾಬರ್ಟ್ ಲಂಡನ್ನಿನಲ್ಲಿದ್ದ ಅಣ್ಣನ ಬಳಿಗೆ ಹೋಗಿ, ಅಲ್ಲಿಂದ ಸ್ಟ್ಯಾಮ್‌ಫರ್ಡ್ ಎಂಬ ಊರಿನ ಬಟ್ಟೆ ವ್ಯಾಪಾರಿಯ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ನವುರಾದ ಬಟ್ಟೆಯ ಗುಣವನ್ನು ಕೈಯಿಂದ ಮುಟ್ಟಿಯೇ ತಿಳಿಯುವ ವಿದ್ಯೆ ಆತನಿಗೆ ಒಲಿದದ್ದು ಅಲ್ಲಿ. ವಿರಾಮದ ವೇಳೆಯಲ್ಲಿ ಮಾಲೀಕನ ಮನೆಯ ಪುಸ್ತಕಗಳನ್ನು ಓದಿದ. ಮುಂದೆ ಲಂಡನ್ ಸೇತುವೆಯ ಬಳಿಯ ದೊಡ್ಡ ಅಂಗಡಿಯೊಂದರಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ನಿಂತೇ ದುಡಿದ. ದೀರ್ಘ ದುಡಿಮೆ ದೇಹವನ್ನು ಹೇಗೆ ಹಿಂಡುತ್ತದೆ ಎಂಬುದನ್ನು ಆತ ತಿಳಿದದ್ದು ಪುಸ್ತಕದಿಂದಲ್ಲ.

ಆ ಕಾಲದ ಮ್ಯಾಂಚೆಸ್ಟರ್ ಹತ್ತಿಯ ಹುಚ್ಚು ಹಿಡಿದ ನಗರವಾಗಿತ್ತು. ಹೊಸ ಯಂತ್ರಗಳು ಬಂದಿದ್ದವು. ಸಣ್ಣ ಬಂಡವಾಳದವರೂ ನೂಲು ತೆಗೆದು ಶ್ರೀಮಂತರಾಗುತ್ತಿದ್ದರು. ಅಲ್ಲಿಗೆ ಬಂದ ಓವೆನ್ ಅಣ್ಣನಿಂದ 100 ಪೌಂಡ್ ಸಾಲ ಪಡೆದು ಒಬ್ಬ ಕುಶಲಕರ್ಮಿಯೊಡನೆ ನೂಲುವ ಯಂತ್ರಗಳನ್ನು ತಯಾರಿಸುವ ಪಾಲುದಾರಿಕೆಗೆ ಇಳಿದ. ಅದು ಮುರಿದ ಮೇಲೆ ತಾನೇ ಸಣ್ಣದಾಗಿ ನೂಲು ತೆಗೆಯತೊಡಗಿದ. ಡ್ರಿಂಕ್‌ವಾಟರ್ ಎಂಬ ಗಿರಣಿ ಮಾಲೀಕ ವ್ಯವಸ್ಥಾಪಕನನ್ನು ಹುಡುಕುತ್ತಿರುವುದು ತಿಳಿದಾಗ, ಇಪ್ಪತ್ತರ ಹರೆಯದ ಓವೆನ್ ಹೋಗಿ ವರ್ಷಕ್ಕೆ 300 ಪೌಂಡ್ ಸಂಬಳ ಕೇಳಿದ. ಅಷ್ಟು ಸಂಬಳ ಕೇಳಿದವರು ಬೇರಾರೂ ಇರಲಿಲ್ಲ. ತನ್ನ ಸ್ವಂತ ವ್ಯಾಪಾರದ ಲೆಕ್ಕಪುಸ್ತಕ ತೋರಿಸಿ ಆತ ಆ ಕೆಲಸ ಗಿಟ್ಟಿಸಿಕೊಂಡ. ಸುಮಾರು 500 ಕಾರ್ಮಿಕರಿದ್ದ ಆ ಗಿರಣಿಯಲ್ಲಿ ಮೊದಲ ಕೆಲವು ವಾರ ಯಾರಿಗೂ ಏನೂ ಆಜ್ಞೆ ಮಾಡದೆ ಎಲ್ಲವನ್ನೂ ಸುಮ್ಮನೆ ನೋಡುತ್ತ ಓಡಾಡಿದನಂತೆ. ಬಳಿಕ ಅಲ್ಲಿನ ನೂಲಿನ ಗುಣಮಟ್ಟ ಹೆಚ್ಚಿತು. ಆತನ ಹೆಸರೂ ಹೆಚ್ಚಿತು.

ಡೇಲ್ ಕಟ್ಟಿದ ಊರು

ನ್ಯೂ ಲಾನಾರ್ಕ್ ಓವೆನ್ ಸ್ಥಾಪಿಸಿದ ಊರಲ್ಲ. ಅದರ ಸ್ಥಾಪಕ ಗ್ಲ್ಯಾಸ್ಗೋ ನಗರದ ವರ್ತಕ ಡೇವಿಡ್ ಡೇಲ್. ನೇಯ್ಗೆಯ ಕೆಲಸದಿಂದ ಮೇಲೆ ಬಂದು ಬ್ಯಾಂಕಿನ ಪ್ರತಿನಿಧಿಯೂ ಧರ್ಮಬೋಧಕನೂ ಆಗಿದ್ದ ಡೇಲ್, ನೀರಿನ ಶಕ್ತಿಯಿಂದ ನೂಲುವ ಯಂತ್ರದಿಂದ ಹೆಸರಾದ ರಿಚರ್ಡ್ ಆರ್ಕ್‌ರೈಟ್‌ನೊಡನೆ ಸೇರಿ ಕ್ಲೈಡ್ ಜಲಪಾತದ ಬಳಿ ಜಾಗ ಆರಿಸಿದ. 1785ರಲ್ಲಿ ಕಟ್ಟಡ ಆರಂಭವಾಗಿ 1786ರಲ್ಲಿ ಗಿರಣಿಯ ಚಕ್ರ ತಿರುಗಿತು. ಆರ್ಕ್‌ರೈಟ್ ಬಹುಬೇಗನೆ ಪಾಲುದಾರಿಕೆಯಿಂದ ಹಿಂದೆ ಸರಿದ.

ನೀರಿತ್ತು, ಕಲ್ಲಿತ್ತು, ದುಡಿಯುವ ಕೈಗಳಿರಲಿಲ್ಲ. ಸುತ್ತಲಿನ ರೈತಾಪಿ ಜನ ದಿನವಿಡೀ ಗೋಡೆಗಳ ನಡುವೆ ದುಡಿಯಲು ಒಪ್ಪಲಿಲ್ಲ. ಉತ್ತರದ ಗುಡ್ಡನಾಡಿನಲ್ಲಿ ಜಮೀನು ಕಳೆದುಕೊಂಡ ಕುಟುಂಬಗಳನ್ನು ಡೇಲ್ ಕರೆತಂದ. 1791ರಲ್ಲಿ ಸ್ಕೈ ದ್ವೀಪದಿಂದ ಅಮೆರಿಕೆಗೆ ಹೊರಟ ವಲಸಿಗರ ಹಡಗು ಬಿರುಗಾಳಿಗೆ ಸಿಕ್ಕಿ ಗ್ರೀನಕ್ ಬಂದರಿಗೆ ಮರಳಿದಾಗ ಅದರಲ್ಲಿದ್ದ ಹಲವರಿಗೆ ಇಲ್ಲಿ ಕೆಲಸ, ಮನೆ ನೀಡಿದ. ಊರಿನ ಒಂದು ಸಾಲುಮನೆಗೆ ಇಂದಿಗೂ ಉತ್ತರದ ಕೇತ್‌ನೆಸ್ ಸೀಮೆಯ ಹೆಸರೇ ಇದೆ. ಉಳಿದ ಕೊರತೆಯನ್ನು ತುಂಬಿದವರು ಎಡಿನ್‌ಬರೋ ಮತ್ತು ಗ್ಲ್ಯಾಸ್ಗೋ ನಗರಗಳ ಅನಾಥಾಲಯಗಳಿಂದ ಕಳುಹಿಸಲ್ಪಟ್ಟ ಮಕ್ಕಳು. ಓವೆನ್ ಬರುವ ವೇಳೆಗೆ ಅಂಥ ಸುಮಾರು 500 ಮಕ್ಕಳು ಅಲ್ಲಿದ್ದರು. ಐದಾರು ವರ್ಷ ತುಂಬಿದ ಮಕ್ಕಳೂ ಅವರಲ್ಲಿದ್ದರು.

ಆ ಕಾಲದ ಮಾನದಂಡದಲ್ಲಿ ಡೇಲ್ ದಯಾಳು. ಮಕ್ಕಳಿಗೆ ಒಳ್ಳೆಯ ಊಟ, ಶುಚಿಯಾದ ಹಾಸಿಗೆ, ಸಂಜೆ ಶಾಲೆ ಇತ್ತು. ಆದರೆ ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ಯಂತ್ರದ ಮುಂದೆ ನಿಂತ ಮಗು ಆ ಬಳಿಕ ಪಾಠ ಕಲಿಯುವುದೆಂತು? ಡೇಲ್‌ನ ಸದುದ್ದೇಶವನ್ನು ಒಪ್ಪಿಕೊಂಡೇ ಓವೆನ್ ಮುಂದೆ ಈ ವ್ಯವಸ್ಥೆಯ ನಿರರ್ಥಕತೆಯನ್ನು ಎತ್ತಿ ತೋರಿಸಿದ.

ವ್ಯಾಪಾರ ನಿಮಿತ್ತ ಗ್ಲ್ಯಾಸ್ಗೋಗೆ ಬರುತ್ತಿದ್ದ ಓವೆನ್‌ಗೆ ಡೇಲ್‌ನ ಹಿರಿಯ ಮಗಳು ಕ್ಯಾರೋಲಿನ್ ಪರಿಚಯವಾದಳು. ಮದುವೆಯ ಮಾತು ಎತ್ತಬೇಕಾದರೆ ತಂದೆಯನ್ನು ಕಾಣಬೇಕು. ಕಾಣಲು ನೆಪ ಬೇಕು. ಗಿರಣಿ ಮಾರಾಟಕ್ಕಿದೆಯೇ ಎಂದು ಕೇಳುವುದೇ ಆ ನೆಪವಾಯಿತು. ಇಷ್ಟು ಎಳೆಯ ವಯಸ್ಸಿನವನು ಗಿರಣಿ ಕೊಳ್ಳುವುದುಂಟೇ ಎಂದು ಡೇಲ್‌ಗೆ ಮೊದಲು ನಂಬಿಕೆ ಬರಲಿಲ್ಲ. ಕೊನೆಗೆ 1799ರಲ್ಲಿ ಗಿರಣಿ 60 ಸಾವಿರ ಪೌಂಡ್‌ಗಳಿಗೆ, 20 ವರ್ಷಗಳ ಕಂತಿನಲ್ಲಿ, ಓವೆನ್ ಮತ್ತು ಆತನ ಮ್ಯಾಂಚೆಸ್ಟರ್ ಪಾಲುದಾರರ ಕೈಸೇರಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ವಿವಾಹವೂ ನೆರವೇರಿತು. 1800ರ ಜನವರಿ 1ರಂದು, 28ನೆಯ ವಯಸ್ಸಿನಲ್ಲಿ, ಓವೆನ್ ನ್ಯೂ ಲಾನಾರ್ಕಿನ ಆಡಳಿತ ವಹಿಸಿಕೊಂಡ.

ಅಪನಂಬಿಕೆಯ ವರ್ಷಗಳು

ಹೊಸ ಯಜಮಾನನನ್ನು ಊರು ಸ್ವಾಗತಿಸಲಿಲ್ಲ. ಆತ ಪರದೇಶಿ, ಆತನ ಮಾತಿನ ಧಾಟಿ ಬೇರೆ, ಧರ್ಮ ಯಾವುದೆಂದೇ ಸ್ಪಷ್ಟವಿಲ್ಲ. ಕಳ್ಳತನ, ಕುಡಿತ, ಜಗಳ ಊರಿನಲ್ಲಿ ಹೇರಳವಾಗಿದ್ದವೆಂದು ಓವೆನ್ ಬರೆದಿದ್ದಾನೆ. ಕಾರ್ಮಿಕರ ದೃಷ್ಟಿಯಲ್ಲಿ ಆತನ ಪ್ರತಿಯೊಂದು ಸುಧಾರಣೆಯೂ ಹೆಚ್ಚು ದುಡಿಸಿಕೊಳ್ಳುವ ಹೊಸ ಉಪಾಯವಾಗಿತ್ತು. ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಮೊದಲ ವರ್ಷಗಳಲ್ಲಿ ದುಡಿಮೆಯ ಅವಧಿ ಇಳಿಯಲಿಲ್ಲ. ಪಾಲುದಾರರ ಒತ್ತಡದಿಂದ ಕೆಲಕಾಲ ದಿನಕ್ಕೆ 14 ಗಂಟೆಗೆ ಏರಿತ್ತು. ಅನಾಥಾಲಯದ ಮಕ್ಕಳನ್ನು ಹೊಸದಾಗಿ ತರುವುದನ್ನು ಮಾತ್ರ ಆತ ನಿಲ್ಲಿಸಿದ.

ಪರಿಸ್ಥಿತಿ ಬದಲಾದದ್ದು ಆರೇಳು ವರ್ಷಗಳ ಬಳಿಕ. ಬ್ರಿಟನ್ನಿನೊಂದಿಗಿನ ವಿವಾದದಿಂದ ಅಮೆರಿಕವು ಹತ್ತಿಯ ರಫ್ತನ್ನು ತಡೆಹಿಡಿಯಿತು. ಹತ್ತಿಯ ಬೆಲೆ ಗಗನಕ್ಕೇರಿತು. ಬೇರೆ ಗಿರಣಿಗಳು ಬಾಗಿಲು ಹಾಕಿ ಕೆಲಸಗಾರರನ್ನು ಬೀದಿಗೆ ಕಳುಹಿಸಿದವು. ಓವೆನ್ ಕೂಡ ನೂಲುವುದನ್ನು ನಿಲ್ಲಿಸಿದ. ಆದರೆ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ಯಂತ್ರಗಳನ್ನು ಒರೆಸಿ ಸುಸ್ಥಿತಿಯಲ್ಲಿಡುವ ಕೆಲಸವನ್ನಷ್ಟೇ ಕೊಟ್ಟು ನಾಲ್ಕು ತಿಂಗಳ ಕಾಲ ಪೂರ್ಣ ವೇತನ ನೀಡಿದ. ಇದಕ್ಕೆ ತಗುಲಿದ ವೆಚ್ಚ 7 ಸಾವಿರ ಪೌಂಡ್‌ಗಳಿಗಿಂತ ಹೆಚ್ಚು. ಆರು ವರ್ಷಗಳ ಉಪದೇಶ ಗೆಲ್ಲಲಾಗದ ವಿಶ್ವಾಸವನ್ನು ಈ ನಾಲ್ಕು ತಿಂಗಳು ಗೆದ್ದವು.

ನಾಲ್ಕು ಬಣ್ಣದ ಮರದ ತುಂಡು

ನ್ಯೂ ಲಾನಾರ್ಕಿಗೆ ಬಂದವರೆಲ್ಲ ಕುತೂಹಲದಿಂದ ನೋಡುತ್ತಿದ್ದ ವಸ್ತುವೊಂದಿತ್ತು. ಪ್ರತಿ ಕಾರ್ಮಿಕನ ಪಕ್ಕದಲ್ಲಿ ಬೆರಳುದ್ದದ, ನಾಲ್ಕು ಮುಖಗಳ ಒಂದು ಮರದ ತುಂಡು ತೂಗುತ್ತಿತ್ತು. ಒಂದೊಂದು ಮುಖಕ್ಕೆ ಒಂದೊಂದು ಬಣ್ಣ: ಕಪ್ಪು, ನೀಲಿ, ಹಳದಿ, ಬಿಳಿ. ಹಿಂದಿನ ದಿನದ ನಡತೆ ಕೆಟ್ಟದ್ದಾಗಿದ್ದರೆ ಕಪ್ಪು ಮುಂದಕ್ಕೆ, ಸಾಧಾರಣವಾಗಿದ್ದರೆ ನೀಲಿ, ಚೆನ್ನಾಗಿದ್ದರೆ ಹಳದಿ, ಉತ್ತಮವಾಗಿದ್ದರೆ ಬಿಳಿ. ಇದಕ್ಕೆ ಮೌನ ಮೇಲ್ವಿಚಾರಕ ಎಂದು ಹೆಸರು. ಬಣ್ಣವನ್ನು ದಿನವೂ ಪುಸ್ತಕದಲ್ಲಿ ದಾಖಲಿಸಲಾಗುತ್ತಿತ್ತು. ತನಗೆ ಅನ್ಯಾಯವಾಗಿದೆ ಎನಿಸಿದ ಕಾರ್ಮಿಕ ನೇರವಾಗಿ ಓವೆನ್‌ನ ಬಳಿ ದೂರಿಕೊಳ್ಳಬಹುದಿತ್ತು.

ಹೊಡೆತ, ಬೈಗುಳ ಸಾಮಾನ್ಯವಾಗಿದ್ದ ಕಾಲದ ಗಿರಣಿಗಳಿಗೆ ಹೋಲಿಸಿದರೆ ಇದು ಸೌಮ್ಯ ಶಿಸ್ತು. ಓವೆನ್ ಗಿರಣಿಯಲ್ಲಿ ನಡೆದುಹೋಗುವಾಗ ಆ ಬಣ್ಣಗಳತ್ತ ಒಮ್ಮೆ ಕಣ್ಣು ಹಾಯಿಸುತ್ತಿದ್ದನೇ ಹೊರತು ಗದರುತ್ತಿರಲಿಲ್ಲ. ವರ್ಷಗಳು ಕಳೆದಂತೆ ಕಪ್ಪು ಕಡಿಮೆಯಾಗಿ ಹಳದಿ, ಬಿಳಿ ಹೆಚ್ಚಾದವೆಂದು ಆತ ಹೆಮ್ಮೆಪಟ್ಟಿದ್ದಾನೆ. ಆದರೆ ಎಲ್ಲರೆದುರು ತನ್ನ ನಡತೆಯ ಬಣ್ಣವನ್ನು ತೂಗುಹಾಕಿಕೊಂಡು ದುಡಿಯುವುದು ಕಾರ್ಮಿಕನಿಗೆ ಹೇಗೆನಿಸಿರಬೇಕು? ಮೇಲ್ವಿಚಾರಕರು ಕಾರ್ಮಿಕರ ನಡತೆಯನ್ನು ಅಳೆಯುತ್ತಿದ್ದರು. ಯಜಮಾನನ ನಡತೆಯನ್ನು ಅಳೆಯುವ ಮರದ ತುಂಡು ಯಾರ ಬಳಿಯೂ ಇರಲಿಲ್ಲ.

ಊರಿನ ಬದುಕಿನ ಮೇಲೂ ಇದೇ ಕಣ್ಗಾವಲಿತ್ತು. ಮನೆಗಳ ಶುಚಿತ್ವವನ್ನು ಪರೀಕ್ಷಿಸಲು ಸಮಿತಿಯೊಂದು ವಾರಕ್ಕೊಮ್ಮೆ ಬರುತ್ತಿತ್ತು. ಊರಿನ ಹೆಂಗಸರು ಅದಕ್ಕೆ ತಿಗಣೆ ಬೇಟೆಗಾರರೆಂದು ಅಡ್ಡಹೆಸರಿಟ್ಟು ಮೊದಮೊದಲು ಬಾಗಿಲನ್ನೇ ತೆರೆಯಲಿಲ್ಲ. ಕುಡಿದು ಗಲಾಟೆ ಮಾಡಿದವರಿಗೆ ದಂಡವಿತ್ತು. ಬೀದಿಗಳನ್ನು ಗುಡಿಸುವ, ಕಸ ಸಾಗಿಸುವ ವ್ಯವಸ್ಥೆ ಬಂತು. ಒಂದೊಂದು ಕೋಣೆಯಲ್ಲಿ ಇಡೀ ಕುಟುಂಬ ಬದುಕುತ್ತಿದ್ದ ಊರಿನಲ್ಲಿ ಹೊಸ ಮನೆಗಳು ಎದ್ದವು.

ಎಲ್ಲಕ್ಕಿಂತ ಹೆಚ್ಚು ಕಾಲ ಉಳಿದ ಸುಧಾರಣೆ ಊರಿನ ಅಂಗಡಿ. ಅದಕ್ಕೆ ಮೊದಲು ಖಾಸಗಿ ಅಂಗಡಿಕಾರರು ಕಳಪೆ ದಿನಸಿಯನ್ನು ಉದ್ರಿಯ ಮೇಲೆ ದುಬಾರಿ ಬೆಲೆಗೆ ಮಾರುತ್ತಿದ್ದರು. ಸಂಬಳದ ದಿನವೇ ಕಾರ್ಮಿಕ ಸಾಲಗಾರನಾಗಿರುತ್ತಿದ್ದ. ಓವೆನ್ ಗಿರಣಿಯ ವತಿಯಿಂದ ಉತ್ತಮ ಸರಕನ್ನು ಸಗಟಾಗಿ ಕೊಂಡು ಖರೀದಿ ಬೆಲೆಗಿಂತ ಸ್ವಲ್ಪವೇ ಹೆಚ್ಚಿಗೆ ಮಾರಿಸಿದ. ಅಂಗಡಿಯ ಲಾಭ ಶಾಲೆಗೆ ಹೋಯಿತು. ಕಾಯಿಲೆಯ ನಿಧಿಗೆ ಪ್ರತಿಯೊಬ್ಬರೂ ಸಂಬಳದ 60ನೆಯ ಒಂದು ಭಾಗವನ್ನು ಕೊಡುತ್ತಿದ್ದರು. ಅದರಿಂದ ವೈದ್ಯನ ನೆರವು, ರೋಗಿಗಳಿಗೆ ಮತ್ತು ವೃದ್ಧರಿಗೆ ಸಹಾಯ ದೊರೆಯುತ್ತಿತ್ತು.

ಪಾಲುದಾರರ ಮುನಿಸು, ಹರಾಜಿನ ಗೆಲುವು

ಓವೆನ್ ಶಾಲೆ ಕಟ್ಟುವ ಮಾತೆತ್ತಿದಾಗಲೆಲ್ಲ ಪಾಲುದಾರರು ಮುಖ ಸಿಂಡರಿಸಿದರು. ಹತ್ತಿ ಗಿರಣಿಯಿಂದ ಅವರು ಬಯಸಿದ್ದು ಲಾಭವನ್ನೇ ಹೊರತು ಸಮಾಜದ ಉದ್ಧಾರವನ್ನಲ್ಲ. ಮೊದಲ ಪಾಲುದಾರರು ಹೋಗಿ ಎರಡನೆಯ ತಂಡ ಬಂದರೂ ವಿರೋಧ ನಿಲ್ಲಲಿಲ್ಲ. 1813ರ ಕೊನೆಗೆ ಗಿರಣಿ ಹರಾಜಿಗೆ ಬಂತು. ಬೆಲೆ ಇಳಿಸಲೆಂದು ಗಿರಣಿ ನಷ್ಟದಲ್ಲಿದೆಯೆಂಬ ಸುದ್ದಿಯನ್ನು ಎದುರಾಳಿಗಳು ಹಬ್ಬಿಸಿದ್ದರು. ಅಷ್ಟರಲ್ಲಿ ಓವೆನ್ ಲಂಡನ್ನಿನಲ್ಲಿ ಹೊಸ ಪಾಲುದಾರರನ್ನು ಸದ್ದಿಲ್ಲದೆ ಕೂಡಿಸಿದ್ದ. ಕ್ವೇಕರ್ ಪಂಥದ ವಿಲಿಯಂ ಆಲೆನ್, ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ ಮೊದಲಾದವರು ಬಂಡವಾಳದ ಮೇಲೆ ಶೇ. 5ರಷ್ಟು ಪ್ರತಿಫಲದಿಂದ ತೃಪ್ತರಾಗಿ, ಉಳಿದ ಲಾಭವನ್ನು ಶಿಕ್ಷಣಕ್ಕೆ ಬಿಡಲು ಒಪ್ಪಿದ್ದರು. 1,14,100 ಪೌಂಡ್‌ಗಳಿಗೆ ಗಿರಣಿ ಅವರ ಪಾಲಾಯಿತು.

ಸುದ್ದಿ ತಲುಪಿದಾಗ ನ್ಯೂ ಲಾನಾರ್ಕಿನ ಕಿಟಕಿಗಳಲ್ಲಿ ದೀಪ ಬೆಳಗಿದವು. ಓವೆನ್ ಹಿಂದಿರುಗಿದಾಗ ಜನ ಬಂಡಿಯ ಕುದುರೆಗಳನ್ನು ಬಿಚ್ಚಿ, ತಾವೇ ಹೆಗಲು ಕೊಟ್ಟು ಆತನನ್ನು ಊರಿಗೆ ಎಳೆದು ತಂದರು. ಹದಿಮೂರು ವರ್ಷಗಳ ಹಿಂದೆ ಮುಖ ತಿರುಗಿಸಿದ್ದ ಊರು ಅದೇ.

ಹಿಂದಿನ ಪಾಲುದಾರಿಕೆಯ ನಾಲ್ಕು ವರ್ಷಗಳಲ್ಲಿ, ಬಂಡವಾಳದ ಬಡ್ಡಿಯನ್ನು ಕಳೆದ ಮೇಲೂ, 1 ಲಕ್ಷ 60 ಸಾವಿರ ಪೌಂಡ್ ಲಾಭ ಬಂದಿತ್ತೆಂದು ಓವೆನ್ ತನ್ನ ಆತ್ಮಕಥೆಯಲ್ಲಿ ಲೆಕ್ಕ ಕೊಟ್ಟಿದ್ದಾನೆ. ಉದಾರತೆ ಗಿರಣಿಯನ್ನು ಮುಳುಗಿಸುತ್ತದೆ ಎಂಬ ವಾದಕ್ಕೆ ಇದು ಆತನ ಉತ್ತರವಾಗಿತ್ತು. ನಿರ್ಜೀವ ಯಂತ್ರವನ್ನು ಎಣ್ಣೆ ಹಾಕಿ ಒರೆಸಿ ಕಾಪಾಡುವ ಮಾಲೀಕರು, ಅದಕ್ಕಿಂತ ಅದ್ಭುತವಾದ ಜೀವಂತ ಯಂತ್ರವನ್ನು ಏಕೆ ಕಡೆಗಣಿಸಬೇಕೆಂದು ಆತ ಸಹೋದ್ಯಮಿಗಳನ್ನು ಕೇಳಿದ. 1813ರಿಂದ ಪ್ರಕಟವಾಗತೊಡಗಿದ ಎ ನ್ಯೂ ವ್ಯೂ ಆಫ್ ಸೊಸೈಟಿ ಎಂಬ ಪ್ರಬಂಧಗಳಲ್ಲಿ ಆತನ ವಿಚಾರಗಳು ಒಂದೆಡೆ ಸೇರಿವೆ.

ಆಡುತ್ತ ಕಲಿಯುವ ಶಾಲೆ

1816ರ ಜನವರಿ 1ರಂದು ಊರಿನ ನಡುವೆ ಶೀಲ ರೂಪಣೆಯ ಸಂಸ್ಥೆ ಎಂಬ ಅರ್ಥದ ಹೆಸರಿನ ದೊಡ್ಡ ಕಟ್ಟಡ ತೆರೆಯಿತು. ನಡೆಯಲು ಕಲಿತ ಮಗುವಿನಿಂದ ಹಿಡಿದು ಹತ್ತು ವರ್ಷದವರೆಗಿನ ಮಕ್ಕಳು ಹಗಲು ಅಲ್ಲಿ ಕಲಿಯುತ್ತಿದ್ದರು. ಹತ್ತು ವರ್ಷ ತುಂಬುವ ಮೊದಲು ಗಿರಣಿಗೆ ಪ್ರವೇಶವಿರಲಿಲ್ಲ. ಬ್ರಿಟನ್ನಿನ ಮೊದಲ ಶಿಶುಶಾಲೆಯೆಂದು ಇದನ್ನು ಗುರುತಿಸಲಾಗುತ್ತದೆ.

ಎಳೆಯರ ಶಾಲೆಗೆ ಓವೆನ್ ಆರಿಸಿದ ಶಿಕ್ಷಕರು ವಿದ್ವಾಂಸರಲ್ಲ. ಜೇಮ್ಸ್ ಬುಕ್ಯಾನನ್ ಎಂಬ ನೇಕಾರ, ಮಾಲಿ ಯಂಗ್ ಎಂಬ ತರುಣಿ. ಅವರಿಗೆ ಕೊಟ್ಟ ಮುಖ್ಯ ಸೂಚನೆ, ಮಕ್ಕಳನ್ನು ಹೊಡೆಯಬಾರದು, ಗದರಿಸಬಾರದು ಎಂಬುದು. ಚಿಕ್ಕ ಮಕ್ಕಳಿಗೆ ಪುಸ್ತಕದ ಹೊರೆ ಇರಲಿಲ್ಲ. ಗೋಡೆಗಳ ಮೇಲೆ ಪ್ರಾಣಿಗಳ ಚಿತ್ರ, ಭೂಪಟ. ತೋಟ, ಕಾಡಿನಿಂದ ತಂದ ವಸ್ತುಗಳು. ಮಕ್ಕಳು ಅವುಗಳನ್ನು ಕಂಡು ಪ್ರಶ್ನೆ ಕೇಳಿದಾಗ ಪಾಠ ಆರಂಭ. ಹಾಡು, ನೃತ್ಯ, ಕವಾಯತು ಎಲ್ಲರಿಗೂ ಇದ್ದವು. ದೊಡ್ಡ ಭೂಪಟದ ಮುಂದೆ ನಿಂತು ಗಿರಣಿ ಕಾರ್ಮಿಕರ ಮಕ್ಕಳು ದೂರದೇಶದ ನಗರಗಳನ್ನು ಗುರುತಿಸುತ್ತಿದ್ದುದನ್ನು ಕಂಡು ಸಂದರ್ಶಕರು ಬೆರಗಾಗುತ್ತಿದ್ದರು. ಸಂಜೆಯ ಹೊತ್ತು ಅದೇ ಕಟ್ಟಡದಲ್ಲಿ ದೊಡ್ಡವರಿಗೆ ಪಾಠ, ಉಪನ್ಯಾಸ, ಸಂಗೀತ. ದುಡಿದು ಬಂದವರಲ್ಲಿ ಇದಕ್ಕೆ ತ್ರಾಣ ಉಳಿಯಲೆಂದು ಕೆಲಸದ ಅವಧಿಯನ್ನು ದಿನಕ್ಕೆ ಹತ್ತೂವರೆ ಗಂಟೆಗೆ ಇಳಿಸಲಾಯಿತು.

ಈ ಬೆಳಕಿನ ಹಿಂದೆ ಒಂದು ಕತ್ತಲೆಯೂ ಇತ್ತು. ಕ್ಲೈಡ್ ದಡದಲ್ಲಿ ನೂಲಾಗುತ್ತಿದ್ದ ಹತ್ತಿ ಬರುತ್ತಿದ್ದುದು ಅಮೆರಿಕದ ದಕ್ಷಿಣ ಭಾಗ ಮತ್ತು ವೆಸ್ಟ್ ಇಂಡೀಸ್ ದ್ವೀಪಗಳ ತೋಟಗಳಿಂದ. ಅದನ್ನು ಬಿಡಿಸುತ್ತಿದ್ದವರು ಗುಲಾಮರು. ಮಕ್ಕಳ ದುಡಿಮೆಯ ಬಗ್ಗೆ ಅಷ್ಟು ಸೂಕ್ಷ್ಮವಾಗಿ ಯೋಚಿಸಿದ ಓವೆನ್ ಈ ಪ್ರಶ್ನೆಯಲ್ಲಿ ಅಷ್ಟೇ ಮಂದನಾಗಿದ್ದ. ಮುಂದೆ ಜಮೈಕಾ ದ್ವೀಪವನ್ನು ಕಂಡಾಗಲೂ ಅಲ್ಲಿನ ಗುಲಾಮರಿಗಿಂತ ಬ್ರಿಟನ್ನಿನ ಗಿರಣಿ ಕಾರ್ಮಿಕರ ಸ್ಥಿತಿಯೇ ಕೀಳೆಂಬ ಅಭಿಪ್ರಾಯಕ್ಕೆ ಬಂದ. ಆ ಕುರುಡುತನವನ್ನು ಮೀರಿದವನು ಆತನ ಹಿರಿಯ ಮಗ. ಅಮೆರಿಕದಲ್ಲಿ ನೆಲೆಸಿದ ರಾಬರ್ಟ್ ಡೇಲ್ ಓವೆನ್, ಗುಲಾಮರ ವಿಮೋಚನೆಯನ್ನು ಒತ್ತಾಯಿಸಿ 1862ರಲ್ಲಿ ಅಧ್ಯಕ್ಷ ಲಿಂಕನ್‌ಗೆ ಪತ್ರ ಬರೆದ.

ಕಾನೂನಿನ ಹಾದಿಯಲ್ಲಿ

ಒಂದು ಊರು ಸುಧಾರಿಸಿದರೆ ಸಾಲದೆಂದು ಓವೆನ್‌ಗೆ ತಿಳಿದಿತ್ತು. ಹತ್ತು ವರ್ಷದೊಳಗಿನ ಮಕ್ಕಳನ್ನು ಗಿರಣಿಗೆ ಸೇರಿಸಕೂಡದು, ದುಡಿಮೆ ಹತ್ತೂವರೆ ಗಂಟೆ ಮೀರಕೂಡದು, ಇದನ್ನು ಪರಿಶೀಲಿಸಲು ಸಂಬಳದ ಅಧಿಕಾರಿಗಳಿರಬೇಕು ಎಂಬ ಮಸೂದೆಯನ್ನು 1815ರಲ್ಲಿ ಸಿದ್ಧಪಡಿಸಿದ. ಸ್ವತಃ ಗಿರಣಿ ಮಾಲೀಕನಾಗಿದ್ದ ಸಂಸತ್ ಸದಸ್ಯ ಹಿರಿಯ ರಾಬರ್ಟ್ ಪೀಲ್ ಅದನ್ನು ಮಂಡಿಸಿದ. ಮಾಲೀಕರು ಮುಗಿಬಿದ್ದರು. 1816ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ಓವೆನ್ ಸಾಕ್ಷ್ಯ ನುಡಿದಾಗ, ಮಕ್ಕಳ ಕಷ್ಟದ ಬದಲು ಆತನ ಧಾರ್ಮಿಕ ನಂಬಿಕೆಯ ಬಗ್ಗೆ ಪ್ರಶ್ನೆಗಳು ಬಂದವು. 1819ರಲ್ಲಿ ಕಾಯಿದೆ ಹೊರಬಿದ್ದಾಗ ಮೂಲ ಮಸೂದೆಯ ಎಲುಬಷ್ಟೇ ಉಳಿದಿತ್ತು. ಅದು ಹತ್ತಿ ಗಿರಣಿಗಳಿಗೆ ಮಾತ್ರ ಅನ್ವಯ. ವಯಸ್ಸಿನ ಮಿತಿ ಒಂಬತ್ತು. 16ರೊಳಗಿನವರಿಗೆ 12 ಗಂಟೆ ದುಡಿಮೆ. ಪರಿಶೀಲಿಸುವ ಅಧಿಕಾರಿಗಳೇ ಇಲ್ಲ. ನಿರಾಶನಾದ ಓವೆನ್ ಅದನ್ನು ತನ್ನದೆಂದು ಒಪ್ಪಿಕೊಳ್ಳಲಿಲ್ಲ.

ಅಷ್ಟರಲ್ಲಿ ಆತನ ಯೋಚನೆ ಇನ್ನೂ ಮುಂದೆ ಹೋಗಿತ್ತು. ಯುದ್ಧಾನಂತರದ ನಿರುದ್ಯೋಗಕ್ಕೆ ಪರಿಹಾರವಾಗಿ, ನೂರಾರು ಜನ ಒಟ್ಟಾಗಿ ಬೇಸಾಯ ಮತ್ತು ಕೈಗಾರಿಕೆ ನಡೆಸಿ ಬಾಳುವ ಸಹಕಾರಿ ಗ್ರಾಮಗಳ ಯೋಜನೆಯನ್ನು ಮುಂದಿಟ್ಟ. ಮೊದಲು ಗಣ್ಯರು ಕಿವಿಗೊಟ್ಟರು. ಆದರೆ 1817ರ ಆಗಸ್ಟ್ 21ರಂದು ಲಂಡನ್ನಿನ ಸಭೆಯೊಂದರಲ್ಲಿ ಆತ ಎಲ್ಲ ಮತಧರ್ಮಗಳನ್ನೂ ಮನುಷ್ಯನ ದುಃಖಕ್ಕೆ ಕಾರಣವೆಂದು ಬಹಿರಂಗವಾಗಿ ಖಂಡಿಸಿದ. ಅಂದಿನಿಂದ ದೊಡ್ಡವರ ಬಾಗಿಲುಗಳು ಒಂದೊಂದಾಗಿ ಮುಚ್ಚತೊಡಗಿದವು.

ಅದರ ಬಿಸಿ ನ್ಯೂ ಲಾನಾರ್ಕಿಗೂ ತಟ್ಟಿತು. ಧಾರ್ಮಿಕ ಶಿಕ್ಷಣ ಸಾಲದೆಂದೂ, ಹುಡುಗರು ಮೊಣಕಾಲು ಕಾಣುವ ಕಿಲ್ಟ್ ತೊಡುವುದು ಸಭ್ಯವಲ್ಲವೆಂದೂ, ನೃತ್ಯ, ಸಂಗೀತ ಬೇಡವೆಂದೂ ವಿಲಿಯಂ ಆಲೆನ್ ಪಟ್ಟುಹಿಡಿದ. 1824ರಲ್ಲಿ ಶಾಲೆಯ ಮೇಲಿನ ಹಿಡಿತ ಓವೆನ್‌ನ ಕೈತಪ್ಪಿತು. ತನ್ನ ಊರಿನಲ್ಲೇ ತನ್ನ ಮಾತು ನಡೆಯದ ಅನುಭವ ಆತನಿಗೆ ಹೊಸದು.

ಅಮೆರಿಕದ ಸೋಲು

ಅದೇ ವರ್ಷ ಆತ ಅಮೆರಿಕಕ್ಕೆ ಹಡಗು ಹತ್ತಿದ. ಇಂಡಿಯಾನಾ ರಾಜ್ಯದಲ್ಲಿ ಜರ್ಮನ್ ಮೂಲದ ಧಾರ್ಮಿಕ ಪಂಥವೊಂದು ಕಟ್ಟಿ ಬೆಳೆಸಿದ್ದ ಇಡೀ ಊರನ್ನೇ 1825ರಲ್ಲಿ ಕೊಂಡು ನ್ಯೂ ಹಾರ್ಮನಿ ಎಂದು ಹೆಸರಿಟ್ಟ. ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷರ, ಸಂಸತ್ ಸದಸ್ಯರ ಮುಂದೆ ತನ್ನ ಯೋಜನೆಯನ್ನು ವಿವರಿಸಿದ. ಎಲ್ಲರಿಗೂ ಮುಕ್ತ ಆಹ್ವಾನ ಕೊಟ್ಟ. ಎಂಟುನೂರಕ್ಕೂ ಹೆಚ್ಚು ಮಂದಿ ಬಂದರು. ಅವರಲ್ಲಿ ವಿಜ್ಞಾನಿಗಳಿದ್ದರು, ಶಿಕ್ಷಕರಿದ್ದರು, ಆದರ್ಶವಾದಿಗಳಿದ್ದರು, ಸೋಮಾರಿಗಳೂ ಇದ್ದರು. ನೇಗಿಲು ಹಿಡಿಯುವವರು, ಮಗ್ಗ ನಡೆಸುವವರು ಸಾಕಷ್ಟಿರಲಿಲ್ಲ. ಓವೆನ್ ಬಹುಕಾಲ ಊರಿನಲ್ಲೂ ಇರಲಿಲ್ಲ. ನಿಯಮಾವಳಿಗಳು ಮತ್ತೆಮತ್ತೆ ಬದಲಾದವು, ಗುಂಪುಗಳು ಒಡೆದವು. 1827ರಲ್ಲಿ ಆತ ಅಲ್ಲಿಂದ ಹೊರಟಾಗ ಪ್ರಯೋಗ ಮುಗಿದಿತ್ತು. ಸುಮಾರು 40 ಸಾವಿರ ಪೌಂಡ್, ಅಂದರೆ ಆಸ್ತಿಯ ಬಹುಪಾಲು, ಕರಗಿಹೋಯಿತು.

ನ್ಯೂ ಲಾನಾರ್ಕಿನಲ್ಲಿ ಸಂಬಳ ಕೊಡುವ ಯಜಮಾನನೊಬ್ಬನಿದ್ದ, ಯಾರು ಎಲ್ಲಿ ದುಡಿಯಬೇಕೆಂದು ಹೇಳುವವನಿದ್ದ. ನ್ಯೂ ಹಾರ್ಮನಿಯಲ್ಲಿ ಯಜಮಾನಿಕೆ ತೆಗೆದರೂ ಅದರ ಜಾಗದಲ್ಲಿ ಜನರೇ ಸೇರಿ ಆಳಿಕೊಳ್ಳುವ ಅಭ್ಯಾಸ ಬೆಳೆದಿರಲಿಲ್ಲ. ಆ ಅಭ್ಯಾಸವನ್ನು ಓವೆನ್ ಎಲ್ಲಿಯೂ ಬೆಳೆಸಿರಲಿಲ್ಲ.

1828ರ ಹೊತ್ತಿಗೆ ನ್ಯೂ ಲಾನಾರ್ಕಿನೊಡನೆ ಆತನ ವ್ಯಾವಹಾರಿಕ ಸಂಬಂಧ ಕಡಿದುಹೋಯಿತು. ಗಂಡುಮಕ್ಕಳು ನಾಲ್ವರೂ ಅಮೆರಿಕದಲ್ಲಿ ನೆಲೆಸಿದರು. ಅವರಲ್ಲಿ ರಾಬರ್ಟ್ ಡೇಲ್ ಅಲ್ಲಿನ ಸಂಸತ್ತಿಗೆ ಆಯ್ಕೆಯಾಗಿ ಸ್ಮಿತ್‌ಸೋನಿಯನ್ ಸಂಸ್ಥೆಯ ಸ್ಥಾಪನೆಯಲ್ಲಿ ಪಾತ್ರ ವಹಿಸಿದ. ಡೇವಿಡ್ ಡೇಲ್ ಭೂವಿಜ್ಞಾನಿಯಾಗಿ ಹೆಸರಾದ. ಓವೆನ್ ಮಾತ್ರ ಲಂಡನ್ನಿನಲ್ಲಿ ಚಳವಳಿಗಳ ನಡುವೆ ಮುಳುಗಿದ. ಸ್ಕಾಟ್ಲೆಂಡಿನಲ್ಲೇ ಉಳಿದಿದ್ದ ಕ್ಯಾರೋಲಿನ್ 1831ರಲ್ಲಿ ತೀರಿಕೊಂಡಳು. ಅದಕ್ಕೆ ಹಿಂದುಮುಂದಾಗಿ ಇಬ್ಬರು ಹೆಣ್ಣುಮಕ್ಕಳೂ ಮರಣಿಸಿದರು. ಮನುಕುಲವನ್ನೆಲ್ಲ ಒಂದು ಕುಟುಂಬವನ್ನಾಗಿಸಲು ಹೊರಟವನ ಸ್ವಂತ ಕುಟುಂಬ ಹೀಗೆ ಚದುರಿತು.

ಶಿಷ್ಯರು ಹಿಡಿದ ದಾರಿ

1832ರಲ್ಲಿ ಓವೆನ್ ಲಂಡನ್ನಿನಲ್ಲಿ ಶ್ರಮ ವಿನಿಮಯ ಕೇಂದ್ರವೊಂದನ್ನು ತೆರೆದ. ಕುಶಲಕರ್ಮಿಗಳು ತಯಾರಿಸಿದ ವಸ್ತುಗಳನ್ನು ಅಲ್ಲಿ ಕೊಟ್ಟು, ಅದಕ್ಕೆ ತಗುಲಿದ ಶ್ರಮದ ಗಂಟೆಗಳನ್ನು ನಮೂದಿಸಿದ ಚೀಟಿ ಪಡೆದು, ಆ ಚೀಟಿಯಿಂದ ಬೇರೆ ವಸ್ತು ಕೊಳ್ಳಬಹುದಿತ್ತು. ಬೇಡಿಕೆಯಿಲ್ಲದ ಸರಕು ರಾಶಿಬಿದ್ದು 1834ರಲ್ಲಿ ಅದು ಮುಚ್ಚಿತು. ಅದೇ ವರ್ಷ ಎಲ್ಲ ಕಸುಬಿನವರನ್ನೂ ಒಂದುಗೂಡಿಸುವ ಬೃಹತ್ ಕಾರ್ಮಿಕ ಸಂಘದ ನಾಯಕತ್ವ ಆತನಿಗೆ ಬಂತು. ಟಾಲ್‌ಪಡಲ್ ಗ್ರಾಮದ ಆರು ಕೃಷಿ ಕಾರ್ಮಿಕರನ್ನು ಸಂಘದ ಪ್ರಮಾಣ ಸ್ವೀಕರಿಸಿದ್ದಕ್ಕಾಗಿ ಗಡೀಪಾರು ಮಾಡಿದಾಗ ಲಂಡನ್ನಿನಲ್ಲಿ ನಡೆದ ಬೃಹತ್ ಮೆರವಣಿಗೆಯಲ್ಲಿ ಓವೆನ್ ಹೆಜ್ಜೆ ಹಾಕಿದ. ಆದರೆ ಮುಷ್ಕರ, ವರ್ಗ ಸಂಘರ್ಷ ಆತನಿಗೆ ಒಗ್ಗಲಿಲ್ಲ. ಮಾಲೀಕರನ್ನೂ ಕಾರ್ಮಿಕರನ್ನೂ ವಿವೇಕದಿಂದ ಒಲಿಸಬಹುದೆಂದೇ ಆತ ಕೊನೆಯವರೆಗೂ ನಂಬಿದ್ದ. ವರ್ಷ ತುಂಬುವ ಮೊದಲೇ ಸಂಘ ಕುಸಿಯಿತು.

ಆತನ ಹೆಸರನ್ನು ಉಳಿಸಿದ ಕೆಲಸ ಆತ ಮಾಡಿದ್ದಲ್ಲ. 1844ರ ಡಿಸೆಂಬರ್ 21ರಂದು ಮ್ಯಾಂಚೆಸ್ಟರ್ ಬಳಿಯ ರೋಚ್‌ಡೇಲ್ ಎಂಬ ಮತ್ತೊಂದು ಗಿರಣಿ ಊರಿನಲ್ಲಿ ನೇಕಾರರು ಮತ್ತಿತರ ಕಸುಬಿನವರು ಸೇರಿ ಪುಟ್ಟ ಅಂಗಡಿಯೊಂದನ್ನು ತೆರೆದರು. ಅವರ ಬಂಡವಾಳ 28 ಪೌಂಡ್. ಮಾರಾಟಕ್ಕಿದ್ದುದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್, ಮೇಣದ ಬತ್ತಿ. ಅವರಲ್ಲಿ ಕೆಲವರು ಓವೆನ್‌ನ ಅನುಯಾಯಿಗಳು. ಕಲಬೆರಕೆಯಿಲ್ಲದ ಸರಕು, ನ್ಯಾಯದ ಬೆಲೆ, ಲಾಭದ ಒಂದು ಭಾಗ ಶಿಕ್ಷಣಕ್ಕೆ ಎಂಬ ನ್ಯೂ ಲಾನಾರ್ಕಿನ ಅಂಗಡಿಯ ಪಾಠ ಇಲ್ಲಿಯೂ ಇತ್ತು. ವ್ಯತ್ಯಾಸ ಒಂದೇ: ಇಲ್ಲಿ ಯಜಮಾನನಿರಲಿಲ್ಲ. ಪ್ರತಿ ಸದಸ್ಯನಿಗೂ ಒಂದು ಮತ; ಉಳಿದ ಲಾಭ ಖರೀದಿಗೆ ತಕ್ಕಂತೆ ಸದಸ್ಯರಿಗೇ. ಜಗತ್ತಿನ ಸಹಕಾರ ಸಂಘಗಳು ಇಂದಿಗೂ ತಮ್ಮ ತತ್ತ್ವಗಳ ಮೂಲವನ್ನು ಗುರುತಿಸುವುದು ರೋಚ್‌ಡೇಲ್‌ನ ಈ ಅಂಗಡಿಯಲ್ಲಿ.

ಮರಳಿ ಊರಿಗೆ

ಮುಪ್ಪಿನಲ್ಲಿ ಓವೆನ್ ಮಕ್ಕಳು ಕೊಡುತ್ತಿದ್ದ ಹಣದಿಂದ ಸರಳವಾಗಿ ಬದುಕಿದ. ಎಂಬತ್ತು ದಾಟಿದ ಮೇಲೆ ಪ್ರೇತಾತ್ಮಗಳೊಡನೆ ಮಾತನಾಡಬಹುದೆಂಬ ನಂಬಿಕೆಗೆ ಒಳಗಾಗಿ ಹಲವು ಅನುಯಾಯಿಗಳಿಗೆ ಮುಜುಗರ ತಂದ. 1857ರಲ್ಲಿ ಆತ್ಮಕಥೆ ಪ್ರಕಟಿಸಿದ. 1858ರ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್‌ನ ಸಭೆಯೊಂದಕ್ಕೆ ಆತನನ್ನು ಹೊತ್ತೊಯ್ದು ವೇದಿಕೆಯ ಮೇಲೆ ಕೂರಿಸಬೇಕಾಯಿತು. ಮಾತು ಪೂರ್ಣವಾಗಲಿಲ್ಲ. ಹುಟ್ಟಿದ ಊರಿಗೆ ಕರೆದೊಯ್ಯಲು ಆತ ಕೇಳಿಕೊಂಡ. ನವೆಂಬರ್ 17ರಂದು, ತಾನು ಹುಟ್ಟಿದ ಮನೆಯ ಪಕ್ಕದ ವಸತಿಗೃಹದಲ್ಲಿ, 87ನೆಯ ವಯಸ್ಸಿನಲ್ಲಿ ನಿಧನನಾದ. ತಂದೆತಾಯಿಯರ ಸಮಾಧಿಯ ಪಕ್ಕದಲ್ಲೇ ಆತನನ್ನು ಹೂಳಲಾಯಿತು. 1902ರಲ್ಲಿ ಸಹಕಾರಿಗಳು ಆ ಸಮಾಧಿಗೆ ಕಬ್ಬಿಣದ ಅಲಂಕೃತ ಆವರಣ ಕಟ್ಟಿಸಿದರು.

ನ್ಯೂ ಲಾನಾರ್ಕಿನ ಗಿರಣಿಗಳು ಓವೆನ್ ಹೋದ ಮೇಲೆಯೂ ಒಂದೂವರೆ ಶತಮಾನಕ್ಕೆ ಸ್ವಲ್ಪ ಕಡಿಮೆ ಕಾಲ ತಿರುಗಿದವು. 1881ರ ಬಳಿಕ ಹೊಸ ಮಾಲೀಕರ ಕೈಯಲ್ಲಿ ಅಲ್ಲಿ ಮೀನಿನ ಬಲೆ, ಡೇರೆಯ ಬಟ್ಟೆ ತಯಾರಾದವು. 1968ರಲ್ಲಿ ಗಿರಣಿ ಮುಚ್ಚಿತು. ಕೆಲಸವಿಲ್ಲದೆ ಜನ ಚದುರಿದರು, ಮಾಡುಗಳು ಕುಸಿದವು, ಒಂದು ಭಾಗ ಹಳೆಯ ಲೋಹದ ಗುಜರಿಯಾಯಿತು. ಊರನ್ನು ಕೆಡವುವ ಮಾತೂ ಕೇಳಿಬಂದಿತ್ತು. 1970ರ ದಶಕದಲ್ಲಿ ಹುಟ್ಟಿದ ಸಂರಕ್ಷಣಾ ಟ್ರಸ್ಟ್ ದಶಕಗಳ ಕಾಲ ದುಡಿದು ಕಲ್ಲಿಗೆ ಕಲ್ಲು ಜೋಡಿಸಿ ಅದನ್ನು ಉಳಿಸಿತು. 2001ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಓವೆನ್‌ನ ಮಸೂದೆ ಕೇಳಿದ್ದಕ್ಕಿಂತ ಕಡಿಮೆ ಅವಧಿಯ ದುಡಿಮೆ ಇಂದು ಹಲವು ದೇಶಗಳಲ್ಲಿ ಕಾನೂನಾಗಿದೆ. ಶಿಶುವಿಹಾರಗಳು ಊರೂರಿನಲ್ಲಿವೆ. ಇವೆಲ್ಲ ಅಸಾಧ್ಯವೆಂದು ವಾದಿಸುತ್ತಿದ್ದ ಗಿರಣಿ ಮಾಲೀಕರ ಮುಂದೆ, ಲಾಭದ ಲೆಕ್ಕಪುಸ್ತಕ ಹಿಡಿದು ಸಾಧ್ಯವೆಂದು ತೋರಿಸಿದವನು ಓವೆನ್. ಅದೇ ಕೆಲಸವನ್ನು ಯಜಮಾನನಿಲ್ಲದೆಯೂ ಜನ ತಾವೇ ನಡೆಸಬಲ್ಲರೆಂಬುದನ್ನು ಮಾತ್ರ ಆತನಿಗೆ ರೋಚ್‌ಡೇಲ್‌ನ ನೇಕಾರರು ತೋರಿಸಬೇಕಾಯಿತು.